ಸೈಟು, ಕ್ರಾಸು, ರೈಟು

1949ರಲ್ಲಿ ಸ್ಥಾಪನೆಗೊಂಡ ನಮ್ಮ ರಾಜಾಜಿನಗರದಲ್ಲಿ ದಾರಿ ಕೇಳಿದರೆ ದೊರೆಯುವ ಉತ್ತರ ಇದು: "ಹತ್ತನೇ ಮೇನಲ್ಲಿ ಹೋಗಿ, ಮೂರನೇ ಕ್ರಾಸಿಗೆ ತಿರುಗಿ, ಖಾಲಿ ಸೈಟಿನ ಪಕ್ಕದ ಮನೆ." ಇದರಲ್ಲಿ ಮೂರು ಪದಗಳು ಆಂಗ್ಲರವು. ಆದರೆ ಆಂಗ್ಲನೊಬ್ಬ ಬಂದು ಕೇಳಿದನೆನ್ನಿ, ಆ ಮೂರನ್ನೇ ಅವನಿಗೆ ಬಿಡಿಸಿ ಹೇಳಬೇಕಾದೀತು!

ಮೇನು ರಸ್ತೆಯ ನಂಟನ್ನು ಕಳಚಿಕೊಂಡು ತಾನೇ ನಾಮಪದವಾಗಿದೆ. ಕ್ರಾಸಿಗಂತೂ ಎರಡು ಬಾಳು. ನಗರದಲ್ಲಿ ಅದು ಮೇನನ್ನು ಅಡ್ಡಹಾಯುವ ಬೀದಿ. ಊರಾಚೆಗೆ ಹೋದರೆ, ಹೆದ್ದಾರಿಯಿಂದ ಹಳ್ಳಿಯ ದಾರಿ ಕವಲೊಡೆಯುವ ಎಡೆ. ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ ಕ್ರಾಸು ಕೆ.ಬಿ. ಕ್ರಾಸೆಂದು ಊರಿನ ಹೆಸರೇ ಆಗಿಬಿಟ್ಟಿದೆ. ಇಂತಹ ಕವಲಿನಲ್ಲಿ ದಾರಿ ತೋರುವ ಕಂಬಕ್ಕೆ ಕೈಮರವೆಂಬ ಸೊಗಸಾದ ಮಾತು ನಮ್ಮಲ್ಲಿತ್ತು. ಚಿಕ್ಕಮಗಳೂರಿನ ಬಳಿ ಅದು ಸ್ಥಳನಾಮವಾಗಿ ಉಳಿದಿದೆ.

ಬಸ್ಸಿನ ನಿರ್ವಾಹಕ "ರೈಟ್" ಎಂದರೆ ಬಸ್ಸು ಬಲಕ್ಕೆ ತಿರುಗುವುದಿಲ್ಲ, ಹೊರಡುತ್ತದೆ. ಆಟೋದಲ್ಲಿ ಕುಳಿತು ಅದನ್ನೇ ನುಡಿದು ನೋಡಿ, ಬಲಕ್ಕೆ ಹೊರಳುತ್ತದೆ. ನಮ್ಮ ಕಾರ್ಡ್ ರಸ್ತೆಯ ಕಾರ್ಡಿಗೆ ರೇಖಾಗಣಿತದ ಜ್ಯಾ ಎಂದರ್ಥ. ಕನ್ನಡದ ಬರವಣಿಗೆಯಲ್ಲಿ ಅದಕ್ಕೂ ಅಂಚೆಯ ಕಾರ್ಡಿಗೂ ಭೇದವಿಲ್ಲ.

ಸಂಸ್ಕೃತದ ಪದಗಳು ಕನ್ನಡದ ಬಾಯಲ್ಲಿ ತದ್ಭವಗಳಾಗುವ ಬಗೆಯನ್ನು 13ನೇ ಶತಮಾನದಲ್ಲಿಯೇ ಕೇಶಿರಾಜ 'ಶಬ್ದಮಣಿದರ್ಪಣ'ದ ಅಪಭ್ರಂಶ ಪ್ರಕರಣದಲ್ಲಿ ಸೂತ್ರಗಳಾಗಿ ಹೇಳಿದ. ಅದನ್ನು ವರ್ಷವರ್ಷವೂ ಶ್ರದ್ಧೆಯಿಂದ ಪಾಠಮಾಡುವ ನಾನೇ ಒಮ್ಮೆ ಎಡವಿದೆ.

ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದಲ್ಲಿ, ಕೆಂಗೇರಿಯಾಚೆಗಿದ್ದ ಸೈಟನ್ನು ಮಾರಿ ತಂದೆ ತನ್ನನ್ನು ಓದಿಸುತ್ತಿರುವರೆಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ 'ಸೈಟನ್ನು' ಹೊಡೆದುಹಾಕಿ 'ನಿವೇಶನವನ್ನು' ಎಂದು ತಿದ್ದಿ, ಅರ್ಧ ಅಂಕವನ್ನೂ ಕಳೆದೆ. ಹುಡುಗಿ ಹಾಳೆ ಹಿಡಿದು ಬಂದಳು.

"ನಿವೇಶನ ಅನ್ನೋದು ಪತ್ರದಲ್ಲಿರೋ ಹೆಸರು, ಸಾರ್. ನಮ್ಮಪ್ಪ ಭಾನುವಾರ ಭಾನುವಾರ ಹೋಗಿ ಗಿಡಗಂಟಿ ಕಿತ್ತು ಬರ್ತಿದ್ದದ್ದು ಸೈಟಿಗೆ."

ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ. ಲೆಕ್ಕಕ್ಕೆ 1200 ಚದರಡಿ ನೆಲ. ಅದರ ಮೇಲೆ ಇನ್ನೂ ಕಟ್ಟದ ಮನೆ, ಅಮ್ಮ ಆಗಲೇ ಇಂಥಲ್ಲಿ ಎಂದು ಗೊತ್ತುಮಾಡಿಟ್ಟ ತುಳಸಿಕಟ್ಟೆ, ತೀರದ ಕಂತು. ಇಷ್ಟೂ ಸೇರಿದರೆ ನಮ್ಮ ಸೈಟು. ಇಂಗ್ಲಿಷಿನ ಸೈಟಿನಲ್ಲಿ ಈ ಪೈಕಿ ಯಾವುದೂ ಇಲ್ಲ. ನನ್ನ ನಿವೇಶನದಲ್ಲಿಯೂ ಇರಲಿಲ್ಲ. ಉಕಾರ ತೊಟ್ಟು ಸೈಟನ್ನು, ಸೈಟಿಗೆ, ಸೈಟಿನಲ್ಲಿ ಎಂದು ನಮ್ಮ ವಿಭಕ್ತಿಗಳನ್ನೆಲ್ಲ ಒಪ್ಪಿಕೊಂಡ ಪದವನ್ನು ಇನ್ನು ಯಾವ ಸೂತ್ರ ಹಿಡಿದು ಹೊರಗಟ್ಟಲಿ?

ಅವಳೆದುರಿಗೇ ನನ್ನ ತಿದ್ದುಪಡಿಯನ್ನು ಹೊಡೆದುಹಾಕಿ, 'ಸೈಟನ್ನು' ಎಂದು ಮತ್ತೆ ಬರೆದುಕೊಟ್ಟೆ. ಅರ್ಧ ಅಂಕವನ್ನೂ.