ತಂತ್ರಾಂಶ ತೆಗೆಯುವ ಮುನ್ನ ಲೆಕ್ಕದ ಪುಸ್ತಕ ಎಲ್ಲಿದೆ?

ನಂಜನಗೂಡು ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯಿರಲಿ, ದೇವನೂರಿನಂತಹ ಗ್ರಾಮದ ಅಕ್ಕಿ ಗಿರಣಿಯಿರಲಿ, ಲೆಕ್ಕಪತ್ರಗಳು ಗಣಕಯಂತ್ರಕ್ಕೆ ಸೇರಿ ಬಹಳ ಕಾಲವಾಯಿತು. ಪರವಾನಗಿ ಶುಲ್ಕದ ಹೊರೆ ಬೇಡವೆಂದು ಕೆಲವು ಉದ್ದಿಮೆದಾರರು ಯೂನಿಕ್ಸ್ ಮಾದರಿಯ ಲಿನಕ್ಸ್ ವ್ಯವಸ್ಥೆಯನ್ನು ಆಶ್ರಯಿಸುತ್ತಾರೆ. ಹೊಸ ತಂತ್ರಾಂಶ ಹಾಕಿಸುವಾಗ ಹತ್ತು ಬಾರಿ ವಿಚಾರಿಸುವ ಮಾಲೀಕರು, ಹಳೆಯದನ್ನು ತೆಗೆಸುವಾಗ ಮಾತ್ರ ‘ಡಿಸ್ಕ್ ತುಂಬಿದೆ, ಬೇಡದ್ದನ್ನೆಲ್ಲ ತೆಗೆದುಬಿಡು’ ಎಂದು ಹುಡುಗನೊಬ್ಬನಿಗೆ ಹೇಳಿ ಮಂಡಿಗೆ ಹೊರಟುಬಿಡುತ್ತಾರೆ.

ಈ ವ್ಯವಸ್ಥೆಗಳಲ್ಲಿ ಪ್ರತಿ ತಂತ್ರಾಂಶವೂ ‘ಪ್ಯಾಕೇಜ್’ ರೂಪದಲ್ಲಿ ಬರುತ್ತದೆ. ಅದರ ಹೆಸರು, ಆವೃತ್ತಿ, ಯಾವ ಕಡತ ಎಲ್ಲಿ ಕುಳಿತಿದೆ, ಅದು ಯಾವುದನ್ನು ಅವಲಂಬಿಸಿದೆ ಎಂಬುದೆಲ್ಲ ಒಂದು ದಾಸ್ತಾನು ಪುಸ್ತಕದಲ್ಲಿ ದಾಖಲಾಗುತ್ತದೆ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಆ ಪುಸ್ತಕ ಡಿಪಿಕೆಜಿಯದು, ರೆಡ್ ಹ್ಯಾಟ್ ಬಳಗದಲ್ಲಿ ಆರ್‌ಪಿಎಂನದು. ಕಡತಗಳನ್ನು ಕೈಯಿಂದಲೇ ಅಳಿಸಿದರೆ ಪುಸ್ತಕದಲ್ಲಿ ಸರಕು ಇರುತ್ತದೆ, ಗೋದಾಮು ಖಾಲಿಯಾಗಿರುತ್ತದೆ. ಇಂತಹ ವ್ಯತ್ಯಾಸದ ಕಷ್ಟವನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಡೆಬಿಯನ್‌ನಲ್ಲಿ ‘ರಿಮೂವ್’ ಎಂಬ ಆದೇಶ ಪ್ಯಾಕೇಜನ್ನು ತೆಗೆದರೂ ಅದರ ಸಂರಚನಾ ಕಡತಗಳನ್ನು ಉಳಿಸುತ್ತದೆ. ‘ಪರ್ಜ್’ ಅವನ್ನೂ ಅಳಿಸುತ್ತದೆ. ಪೋಸ್ಟ್‌ಗ್ರೆಸ್‌ನಂತಹ ದತ್ತಸಂಚಯವನ್ನು ಪರ್ಜ್ ಮಾಡುವಾಗ ದತ್ತಾಂಶವನ್ನೂ ಅಳಿಸಬೇಕೇ ಎಂಬ ಪ್ರಶ್ನೆ ಪರದೆಯ ಮೇಲೆ ಬರುತ್ತದೆ. ಅವಸರದಲ್ಲಿ ‘ಹೌದು’ ಎಂದು ಒತ್ತಿದರೆ ಹೋಗುವುದು ತಂತ್ರಾಂಶವಲ್ಲ, ವರ್ಷಗಳ ಖಾತೆ. ‘ಆಟೋರಿಮೂವ್’ ಇನ್ನೊಂದು ಬಗೆಯದು. ಬೇರೆ ಪ್ಯಾಕೇಜಿಗಾಗಿ ತಾನಾಗಿ ಬಂದು, ಈಗ ಯಾರಿಗೂ ಬೇಡವಾದವನ್ನು ಅದು ಹೊರಹಾಕುತ್ತದೆ. ಆದರೆ ಸ್ಥಳೀಯ ಪರಿಣತರು ಬರೆದುಕೊಟ್ಟು ನೇರವಾಗಿ ನಕಲು ಮಾಡಿಟ್ಟ ಬಿಲ್ಲಿಂಗ್ ತಂತ್ರಾಂಶ ಆ ಪುಸ್ತಕದಲ್ಲಿ ಇರುವುದೇ ಇಲ್ಲ. ಅದರ ಆಧಾರವನ್ನು ಕಿತ್ತರೂ ವ್ಯವಸ್ಥೆ ಎಚ್ಚರಿಸದು. ಏನನ್ನೂ ಅಳಿಸದೆ, ಏನೇನು ಹೋಗಲಿದೆ ಎಂಬ ಪಟ್ಟಿಯನ್ನಷ್ಟೇ ತೋರಿಸುವ ಸೌಲಭ್ಯ ಆಪ್ಟ್‌ನಲ್ಲಿದೆ. ಆ ಪಟ್ಟಿಯನ್ನು ಮಾಲೀಕರೇ ಓದುವುದು ಒಳ್ಳೆಯದು.

ಕಾನೂನಿನ ದೃಷ್ಟಿಯಿಂದ ಇದು ಕೇವಲ ತಾಂತ್ರಿಕ ವಿಷಯವಲ್ಲ. 2013ರ ಕಂಪನಿ ಕಾಯಿದೆಯ 128ನೆಯ ಕಲಮಿನಂತೆ ಕಂಪನಿಗಳು 8 ಆರ್ಥಿಕ ವರ್ಷಗಳ ಲೆಕ್ಕಪುಸ್ತಕಗಳನ್ನು ಉಳಿಸಿಕೊಳ್ಳಬೇಕು. ಜಿಎಸ್‌ಟಿಯಲ್ಲಿ ವಾರ್ಷಿಕ ವಿವರಪಟ್ಟಿ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳು, ಅಂದರೆ 2023-24ರ ದಾಖಲೆಗಳು 2030ರ ಡಿಸೆಂಬರ್ 31ರವರೆಗೆ ಇರಬೇಕು. ಗಣಕೀಕೃತ ಲೆಕ್ಕ ಇಡುವ ಕಂಪನಿಗಳ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಲೆಕ್ಕಪರಿಶೋಧಕರು ಅದರ ಬಗ್ಗೆ ವರದಿ ಮಾಡಬೇಕಾಗುತ್ತದೆ. ತಂತ್ರಾಂಶದ ಜೊತೆಗೆ ಜಾಡೂ ಹೋದರೆ ‘ಹುಡುಗ ತೆಗೆದುಬಿಟ್ಟ’ ಎಂಬ ಉತ್ತರ ನಿಲ್ಲದು.

ಆದುದರಿಂದ ದತ್ತಾಂಶದ ಪ್ರತಿ ತೆಗೆದು, ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು, ಶಿಲ್ಕು ತಾಳೆಯಾಗುವುದೇ ಎಂದು ನೋಡಿದ ಮೇಲೆಯೇ ತೆಗೆಯುವ ಕೆಲಸ. ಹಳೆಯ ಪ್ಯಾಕೇಜಿನ ಮೂಲ ಕಡತವನ್ನೂ ಇಟ್ಟುಕೊಳ್ಳಬೇಕು, ಏಕೆಂದರೆ ಹಳೆಯ ಆವೃತ್ತಿಗಳು ಅಂತರಜಾಲದ ಭಂಡಾರಗಳಲ್ಲಿ ಸದಾ ಸಿಗುವುದಿಲ್ಲ. ಹಾಕಿದ್ದು, ತೆಗೆದದ್ದು ಎಲ್ಲವನ್ನೂ ಡಿಪಿಕೆಜಿ ದಿನಾಂಕ ಸಮೇತ ಬರೆದಿಡುತ್ತದೆ. ಆದರೆ ಸಾಮಾನ್ಯವಾಗಿ ಆ ದಾಖಲೆ ವರ್ಷ ಕಳೆದಂತೆ ತಾನಾಗಿ ಅಳಿದುಹೋಗುತ್ತದೆ. ಪ್ರತಿ ಮಾರ್ಚ್ 31ರಂದು ಅದರ ಒಂದು ಪ್ರತಿಯನ್ನು ಮುದ್ರಿಸಿ ಲೆಕ್ಕಪರಿಶೋಧನೆಯ ಕಡತಕ್ಕೆ ಸೇರಿಸಲು ಕೆಲವೇ ನಿಮಿಷ ಸಾಕು.