ಮಡಿಲು ಚೀಲ, ಮಾಲ್‌ನ ಬುಟ್ಟಿ

2007ರಲ್ಲಿ ಕರ್ನಾಟಕ ಸರ್ಕಾರ ‘ಮಡಿಲು’ ಯೋಜನೆ ಶುರು ಮಾಡಿದಾಗ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ಕುಟುಂಬದ ತಾಯಂದಿರ ಕೈಗೆ ಒಂದು ಚೀಲ ಬಂತು. ಅದರಲ್ಲಿ 19 ಬಗೆಯ ಸಾಮಾನು. ಸೊಳ್ಳೆಪರದೆ, ಜಮಖಾನ, ಹೊದಿಕೆ, ಮೈಸೋಪು, ಬಟ್ಟೆ ಸೋಪು, ಹೊಟ್ಟೆಗೆ ಕಟ್ಟಿಕೊಳ್ಳುವ ಬಟ್ಟೆ, ಪ್ಯಾಡು, ಬಾಚಣಿಗೆ, ಕೊಬ್ಬರಿ ಎಣ್ಣೆ, ಪೇಸ್ಟು, ಬ್ರಶ್ಶು. ಮಗುವಿಗೆ ಪುಟ್ಟ ಹಾಸಿಗೆ, ರಬ್ಬರ್ ಶೀಟು, ಸೋಪು, ಡಯಾಪರು, ಬನಿಯನ್ನು, ಸ್ವೆಟರು, ಟೋಪಿ, ಕಾಲುಚೀಲ. ಹಾಲಿನ ಬಾಟಲಿ ಇರಲಿಲ್ಲ. ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಹೆಚ್ಚುಕಡಿಮೆ ಅರ್ಧ ಸಾಮಾನು ತಾಯಿಯದೇ. ಈಗಿನ ಬೇಬಿ ಅಂಗಡಿಗಳ ಪಟ್ಟಿಯಲ್ಲಿ ಬಾಣಂತಿಯ ಬಾಚಣಿಗೆ ಹುಡುಕಿದರೂ ಸಿಗದು.

ಇಂಥ ಪಟ್ಟಿ ಮಾಡಿದ ಮೊದಲ ಸರ್ಕಾರ ನಮ್ಮದೇನಲ್ಲ. ಫಿನ್ಲೆಂಡ್ 1938ರಲ್ಲೇ ಬಡ ತಾಯಂದಿರಿಗೆ ಮಗುವಿನ ಬಟ್ಟೆಬರೆ ತುಂಬಿದ ರಟ್ಟಿನ ಪೆಟ್ಟಿಗೆ ಕೊಡತೊಡಗಿತು. 1949ರಿಂದ ಅದು ಎಲ್ಲ ತಾಯಂದಿರಿಗೂ ಸಿಕ್ಕಿತು. ಷರತ್ತು ಒಂದೇ, ಗರ್ಭಿಣಿ ನಾಲ್ಕನೇ ತಿಂಗಳು ಮುಗಿಯುವುದರೊಳಗೆ ವೈದ್ಯಕೀಯ ತಪಾಸಣೆ ಮಾಡಿಸಿಕೊಂಡಿರಬೇಕು. ಪೆಟ್ಟಿಗೆ ಖಾಲಿಯಾದ ಮೇಲೆ ಎಷ್ಟೋ ಮನೆಗಳಲ್ಲಿ ಅದೇ ಮಗುವಿನ ಹಾಸಿಗೆಯೂ ಆಯಿತು. ತಮಿಳುನಾಡು 2015ರಲ್ಲಿ, ತೆಲಂಗಾಣ 2017ರಲ್ಲಿ ತಮ್ಮ ತಮ್ಮ ಕಿಟ್ ತಂದವು. ಎರಡರಲ್ಲೂ 16 ಸಾಮಾನು. ಬೇರೆ ಬೇರೆ ಕಾಲ, ಬೇರೆ ಬೇರೆ ದೇಶದ ಸರ್ಕಾರಗಳು ಕೂತು ಲೆಕ್ಕ ಹಾಕಿದರೂ ಎಳೆಗೂಸಿನ ಅಗತ್ಯ ಒಂದು ಚೀಲವನ್ನು ಮೀರುವುದಿಲ್ಲ. ಮೀರುವುದು ಮಾಲ್‌ಗೆ ಕಾಲಿಟ್ಟ ಮೇಲೆ.

ಅಲ್ಲಿ ಸೀಸೆ ಬೆಚ್ಚಗಾಗಿಸುವ ಯಂತ್ರವಿದೆ, ಒರೆಸುವ ಕಾಗದ ಬೆಚ್ಚಗಾಗಿಸುವ ಯಂತ್ರವೂ ಇದೆ. ಹುಟ್ಟಿದ ಮಗುವಿಗೆ ಶೂ ಇದೆ. ಸೊಂಟ ನಿಲ್ಲದ ಮಗುವಿಗೆ ವಾಕರ್ ಇದೆ. ಕೆನಡಾ 2004ರಲ್ಲೇ ವಾಕರ್ ಮಾರಾಟವನ್ನು ನಿಷೇಧಿಸಿತು, ಮಕ್ಕಳು ಮೆಟ್ಟಿಲಿಂದ ಉರುಳುತ್ತಿದ್ದರು ಎಂಬ ಕಾರಣಕ್ಕೆ. ನಮ್ಮಲ್ಲಿ ಅದು ಇಂದಿಗೂ ನಾಮಕರಣದ ಜನಪ್ರಿಯ ಉಡುಗೊರೆ.

ಹಳೆಯ ಮನೆಗಳಲ್ಲಿ ಈ ತಾಪತ್ರಯವೇ ಇರಲಿಲ್ಲ. ಸೀಮಂತಕ್ಕೋ ಕುಬಸಕ್ಕೋ ಬಸುರಿಗೆ ಹಸಿರು ಬಳೆ, ಸೀರೆ, ಬಯಕೆಯ ತಿಂಡಿ ಬರುತ್ತಿದ್ದವೇ ಹೊರತು ಮಗುವಿನ ಹೆಸರಿನಲ್ಲಿ ಏನೂ ಬರುತ್ತಿರಲಿಲ್ಲ. ಹುಟ್ಟುವ ಮುನ್ನ ತೊಟ್ಟಿಲು ತರಬಾರದು, ಹೊಸ ಬಟ್ಟೆ ಕೊಳ್ಳಬಾರದು ಎಂಬುದು ಮನೆ ಮನೆಯ ನೇಮ. ಹೆರಿಗೆಯಲ್ಲಿ ಮಗು ಉಳಿಯುತ್ತದೆಂಬ ಭರವಸೆ ಇಲ್ಲದ ಕಾಲದ ಭಯ ಅದರ ಹಿಂದಿದೆ. ಆದರೂ ಅದರಿಂದ ಆದ ಲಾಭ ಸಣ್ಣದಲ್ಲ. ಅಣ್ಣನ ಜಬಲ, ಅಕ್ಕನ ಕುಲಾವಿ, ಅಜ್ಜನ ಹಳೆ ಪಂಚೆ ಹರಿದು ಮಾಡಿದ ಲಂಗೋಟಿ, ಅಜ್ಜಿಯ ನೂಲಿನ ಸೀರೆಗಳನ್ನು ಪದರ ಪದರ ಹೊಲಿದ ಕೌದಿ, ಇವೆಲ್ಲ ನೂರು ಸಲ ಒಗೆದು ಗಂಜಿ ಬಿಟ್ಟು ಮೆತ್ತಗಾದ ಬಟ್ಟೆ. ಎಳೆ ಚರ್ಮಕ್ಕೆ ಇದಕ್ಕಿಂತ ಒಳ್ಳೆಯದನ್ನು ಯಾವ ಕಂಪನಿಯೂ ನೇಯ್ದಿಲ್ಲ. ಹೊಸದನ್ನೇ ಕೊಂಡರೂ ಒಮ್ಮೆ ಒಗೆದು ಬಿಸಿಲಿಗೆ ಹಾಕಿಯೇ ತೊಡಿಸಬೇಕು.

ಆದರೆ ಟ್ರಂಕಿನಿಂದ ತೆಗೆದ ಬಟ್ಟೆಯಲ್ಲಿ ಒಂದು ಅಪಾಯ ಅಡಗಿದೆ. ಅದು ನುಸಿ ಗುಳಿಗೆಯ ವಾಸನೆ. ಆ ಬಿಳಿ ಗುಳಿಗೆಯಲ್ಲಿರುವ ನ್ಯಾಫ್ಥಲೀನ್ ಬಟ್ಟೆಗೆ ಅಂಟಿಕೊಂಡು ಮಗುವಿನ ಉಸಿರಿಗೂ ಚರ್ಮಕ್ಕೂ ಸೇರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳಲ್ಲಿ, ಅದರಲ್ಲೂ ಹೆಚ್ಚಾಗಿ ಗಂಡುಮಕ್ಕಳಲ್ಲಿ, ಅದು ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಕೊರತೆ ಇದೆಯೋ ಇಲ್ಲವೋ ಮೊದಲೇ ಯಾರಿಗೂ ತಿಳಿದಿರುವುದಿಲ್ಲ. ಹಾಗಾಗಿ ಏಳನೇ ತಿಂಗಳಲ್ಲೇ ಟ್ರಂಕು ತೆರೆದು, ಗುಳಿಗೆ ಎಸೆದು, ಕೌದಿ ಕುಲಾವಿಗಳನ್ನು ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಹರವಬೇಕು. ಮಲೆನಾಡಿನವರು ಇದನ್ನು ಮಳೆ ಹಿಡಿಯುವ ಮುನ್ನವೇ ಮುಗಿಸಿಕೊಳ್ಳುವುದು ಲೇಸು. ಆಷಾಢದಲ್ಲಿ ಹುಟ್ಟುವ ಮಗುವಿಗೆ ಲಂಗೋಟಿ ಎರಡು ಡಜನ್ ಇದ್ದರೂ ಸಾಲದು. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೂ ಹಸಿಯೇ.

ಡಯಾಪರ್ ಲೆಕ್ಕವೂ ಇಲ್ಲೇ ಬರುತ್ತದೆ. ಐದು ದಿನ ಕಳೆದ ಮೇಲೆ ಹೊಟ್ಟೆ ತುಂಬ ಹಾಲು ಕುಡಿಯುವ ಮಗು ದಿನಕ್ಕೆ ಕನಿಷ್ಠ 6 ಸಲ ಉಚ್ಚೆ ಹೊಯ್ಯುತ್ತದೆ. ಹಾಲು ಸಾಲುತ್ತಿದೆಯೇ ಎಂದು ಚಿಂತಿಸುವ ತಾಯಿಗೆ ಆ ಒದ್ದೆ ಬಟ್ಟೆಯೇ ಉತ್ತರ. ಡಯಾಪರ್ ಅದನ್ನು ಹೀರಿ ಮುಚ್ಚಿಡುವುದರಿಂದ ಮೊದಲ ವಾರದ ಹಗಲಿಗೆ ಬಟ್ಟೆಯೇ ವಾಸಿ, ರಾತ್ರಿಗೆ, ಪಯಣಕ್ಕೆ ಡಯಾಪರ್ ಇರಲಿ. ‘ನ್ಯೂಬಾರ್ನ್’ ಅಳತೆಯದನ್ನು ದೊಡ್ಡ ಕಟ್ಟು ಕೊಂಡರೆ ಅರ್ಧ ಉಳಿಯುತ್ತದೆ. ಮಗು ಅಷ್ಟು ಬೇಗ ಅದನ್ನು ಮೀರಿ ಬೆಳೆಯುತ್ತದೆ.

ಬೆಚ್ಚಗಿಡುವ ವಿಷಯದಲ್ಲಿ ಎಲ್ಲ ಊರಿಗೂ ಒಂದೇ ಸೂತ್ರ ಹೊಂದುವುದಿಲ್ಲ. ದೊಡ್ಡವರು ತೊಟ್ಟದ್ದಕ್ಕಿಂತ ಒಂದು ಪದರ ಹೆಚ್ಚು ಎಂಬುದು ಮಕ್ಕಳ ವೈದ್ಯರ ಮಾತು. ಮಡಿಕೇರಿಯ ಜುಲೈಗೆ, ಬೆಂಗಳೂರಿನ ಡಿಸೆಂಬರಿಗೆ ಕುಂಚಿಗೆ, ಸ್ವೆಟರು, ಕಾಲುಚೀಲ ಎಲ್ಲ ಸರಿ. ಕಲಬುರಗಿಯ, ರಾಯಚೂರಿನ ಮೇ ತಿಂಗಳಲ್ಲಿ 40 ಡಿಗ್ರಿ ಸುಡುವಾಗ, ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಅದೇ ಕುಂಚಿಗೆ ಹೊದಿಸಿದರೆ ಕೂಸಿನ ಮೈ ಕಾದು ಜ್ವರ ಬರುತ್ತದೆ, ನೀರಿನಂಶ ಬತ್ತುತ್ತದೆ. ಹೊಟ್ಟೆ ಮುಟ್ಟಿದರೆ ಬೆಚ್ಚಗೆ, ಪಾದವೂ ಬೆಚ್ಚಗೆ ಇದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಒಂದು ಪದರ ಸೇರಿಸಬೇಕು. ಎರಡೂ ತಣ್ಣಗಾದರೆ ತಡಮಾಡದೆ ಎದೆಗವಚಿಕೊಂಡು ಆಸ್ಪತ್ರೆ ದಾರಿ ಹಿಡಿಯಬೇಕು. ಇದಕ್ಕೆ ಥರ್ಮಾಮೀಟರ್ ಕೂಡ ಬೇಡ, ಅಂಗೈ ಸಾಕು. ಆದರೂ ಒಂದು ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರಲಿ. ಕೊಳ್ಳಲೇಬೇಕಾದ ಬೆರಳೆಣಿಕೆಯ ವಸ್ತುಗಳಲ್ಲಿ ಅದೂ ಒಂದು.

ಎದೆಗವಚಿಕೊಳ್ಳುವುದು ಬರೀ ಅಕ್ಕರೆಯಲ್ಲ, ಚಿಕಿತ್ಸೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ ಎಡ್ಗರ್ ರೇ ಎಂಬ ವೈದ್ಯರು ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಂದಿರ ಬರಿ ಎದೆಗೆ ಕಟ್ಟಿಸಿದರು. ಅದೇ ಮುಂದೆ ಕಾಂಗರೂ ಆರೈಕೆ ಎನಿಸಿತು. ಡೆಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ 5 ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ, ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದರೆ ಸಾವು ಕಾಲು ಭಾಗದಷ್ಟು ತಗ್ಗುತ್ತದೆ ಎಂದು ಕಂಡಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಸಹಯೋಗದಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಕೆಲಸವೂ ನಡೆದಿದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಬೇಕಾದ ಉಪಕರಣವೆಂದರೆ ಒಂದು ಟೋಪಿ, ಒಂದು ಲಂಗೋಟಿ, ಉದ್ದನೆಯ ಬಟ್ಟೆ ಮತ್ತು ಒಬ್ಬರ ಎದೆ. ಅಪ್ಪನ ಎದೆಯಾದರೂ ನಡೆಯುತ್ತದೆ. ಅಪ್ಪಂದಿರಿಗೆ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಇಣುಕುವುದಷ್ಟೇ ಪಾತ್ರ ಎಂದುಕೊಂಡ ಮನೆಗಳು ಇದನ್ನು ಗಮನಿಸಬೇಕು.

ಹಾಲಿನ ಮಾತಿಗೆ ಬಂದರೆ, ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, 6 ತಿಂಗಳವರೆಗೆ ಬೇರೇನೂ ಬೇಡ, ನೀರೂ ಬೇಡ. ಜೇನು ನೆಕ್ಕಿಸುವುದಂತೂ ಒಂದು ವರ್ಷ ತುಂಬುವವರೆಗೆ ಕೂಡದು, ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣು ಎಳೆಗರುಳಿನಲ್ಲಿ ಬೆಳೆಯುತ್ತದೆ. ಬಾಟಲಿಯನ್ನು ಮೊದಲೇ ಕೊಂಡಿಡುವುದೂ ಬೇಡ. ನಮ್ಮ ದೇಶದ 1992ರ ಕಾಯ್ದೆ ಹಾಲಿನ ಪುಡಿ, ಬಾಟಲಿಗಳ ಜಾಹೀರಾತನ್ನೇ ನಿಷೇಧಿಸಿದೆ. ಅವುಗಳ ಉಚಿತ ಮಾದರಿ, ಉಡುಗೊರೆ ಕೂಪನ್ ಕೊಡುವಂತಿಲ್ಲ. ಮತ್ತೆ, ಮಗುವಿಗೆ ಚೀಪಲು ಶಕ್ತಿ ಇಲ್ಲದೆ ಹಾಲು ಹಿಂಡಿ ಕುಡಿಸಬೇಕಾಗಿ ಬಂದರೆ? ಅದಕ್ಕೆ ಒಳಲೆ ಇದೆ. ಎಷ್ಟೋ ತವರುಮನೆಗಳ ದೇವರ ಪೆಟ್ಟಿಗೆಯಲ್ಲಿ ತಲೆಮಾರಿನಿಂದ ಬಿದ್ದಿರುವ, ಒಂದು ಕಡೆ ಮೂತಿ ಚೂಪಾದ ಆ ಪುಟ್ಟ ಬೆಳ್ಳಿ ಬಟ್ಟಲನ್ನೇ ಸ್ಟೀಲಿನಲ್ಲಿ ಮಾಡಿ, ‘ಪಾಲಡೈ’ ಎಂಬ ತಮಿಳು ಹೆಸರಿನಲ್ಲಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕದ ನರ್ಸ್‌ಗಳು ಬಳಸುತ್ತಾರೆ. ಬಾಟಲಿಯ ನಿಪ್ಪಲ್ಲಿನ ಸಂದಿಯಲ್ಲಿ ಹಾಲು ಹಳಸುತ್ತದೆ, ತೆರೆದ ಒಳಲೆಯಲ್ಲಿ ಕೊಳೆ ಕಣ್ಣಿಗೆ ಕಾಣುತ್ತದೆ, ತೊಳೆದು ಕುದಿಸುವುದೂ ಸುಲಭ. ಅವಧಿಗೆ ಮುನ್ನ ಹುಟ್ಟಿ ತಾಯಿಯ ಹಾಲೂ ಸಿಗದ ಕೂಸುಗಳಿಗಾಗಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಿಂದ ಎದೆಹಾಲಿನ ಬ್ಯಾಂಕ್ ಇದೆ.

ಅದೇ ಒಳಲೆಯಲ್ಲಿ ಬಜೆ, ಜಾಯಿಕಾಯಿ ತೇದ ಸುತ್ತುಖಾರ ಕುಡಿಸುವುದನ್ನು ಮಾತ್ರ ವೈದ್ಯರು ಒಪ್ಪುವುದಿಲ್ಲ. ಸ್ನಾನದ ನಂತರ ಕೂಸನ್ನು ಸಾಂಬ್ರಾಣಿ ಹೊಗೆಗೆ ಹಿಡಿಯುವುದನ್ನೂ, ಮೂಗು ಕಿವಿಗೆ ಎಣ್ಣೆ ಬಿಡುವುದನ್ನೂ, ಕಣ್ಣಿಗೆ ಕಾಡಿಗೆ ತೀಡುವುದನ್ನೂ ಅಷ್ಟೆ. ಅಂಗಡಿಯ ಕಾಡಿಗೆಯಲ್ಲಿ ಸೀಸ ಇರಬಹುದೆಂಬ ಕಾರಣಕ್ಕೆ ಅಮೆರಿಕದಲ್ಲಿ ಅದರ ಮಾರಾಟಕ್ಕೆ ಅನುಮತಿಯೇ ಇಲ್ಲ. ಮಗಳ ಬಾಣಂತನಕ್ಕೆಂದು ಅಲ್ಲಿಗೆ ವಿಮಾನ ಹತ್ತುವ ಮೈಸೂರಿನ, ಹುಬ್ಬಳ್ಳಿಯ ಅಜ್ಜಿಯರು ಸೂಟ್‌ಕೇಸಿನಲ್ಲಿ ಆ ಡಬ್ಬಿಗೆ ಜಾಗ ಮಾಡದಿದ್ದರೆ ಒಳ್ಳೆಯದು. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಅಂಗಾಲಿದೆ. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಯಾವುದೂ ಬೇಡ. ಒಣಗಿದಂತೆ ಇಟ್ಟರೆ ಒಂದೆರಡು ವಾರದಲ್ಲಿ ತಾನೇ ಉದುರುತ್ತದೆ. ಮೊದಲ ಸ್ನಾನವನ್ನು 24 ಗಂಟೆಯಾದರೂ ತಡಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಣ್ಣೆ ಹಚ್ಚಿ ಹಗುರವಾಗಿ ನೀವುವುದಕ್ಕೆ ಯಾರ ತಕರಾರೂ ಇಲ್ಲ. ಅಜ್ಜಿಯ ಕೈಗೆ ಆ ಕೆಲಸ ಪೂರ್ತಿ ಬಿಟ್ಟುಕೊಡಬಹುದು.

ತೊಟ್ಟಿಲ ವಿಷಯದಲ್ಲಿ ಧಾರವಾಡ ಜಿಲ್ಲೆಯ ಕಲಘಟಗಿಯನ್ನು ಬಿಟ್ಟು ಮಾತಾಡುವಂತಿಲ್ಲ. ಅಲ್ಲಿನ ಚಿತ್ರಗಾರ ಮನೆತನದವರು ಮರದ ಮೇಲೆ ಪುರಾಣದ ಪ್ರಸಂಗಗಳನ್ನು ಬರೆದು ಅರಗಿನ ಹೊಳಪು ಕೊಡುವ ತೊಟ್ಟಿಲು ಉತ್ತರ ಕರ್ನಾಟಕದಲ್ಲಿ ಮನೆತನದ ಆಸ್ತಿ. ಅದಿಲ್ಲದವರಿಗೆ ಸೀರೆಯ ಜೋಲಿ. ಎರಡರಲ್ಲಿ ಯಾವುದೇ ಇರಲಿ, ಮಲಗಿಸುವುದು ಅಂಗಾತ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸುವ ಪ್ರಚಾರ ಶುರುವಾದ ಮೇಲೆ ನಿದ್ದೆಯಲ್ಲೇ ಸಂಭವಿಸುತ್ತಿದ್ದ ಶಿಶುಮರಣ ಸುಮಾರು ಅರ್ಧಕ್ಕಿಳಿಯಿತು. ಜೋಲಿಯಲ್ಲಿ ಬಟ್ಟೆ ಬಾಗಿ ಗದ್ದ ಎದೆಗೆ ಒತ್ತಿದರೆ ಉಸಿರು ಕಟ್ಟೀತು, ಆದ್ದರಿಂದ ಪಕ್ಕದಲ್ಲಿ ಕಣ್ಣಿಟ್ಟವರು ಇರಬೇಕು. ರಾತ್ರಿಯ ದೀರ್ಘ ನಿದ್ದೆಗೆ ಸಮತಟ್ಟಾದ, ಗಟ್ಟಿ ಹಾಸಿಗೆಯೇ ಸೈ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ರಾಗಿ ದಿಂಬುಗಳ ಅಗತ್ಯವಿಲ್ಲ. ಒಂದು ವರ್ಷದವರೆಗೆ ಯಾವ ದಿಂಬೂ ಬೇಡ. ತೊಟ್ಟಿಲಿಗೆ ಕಟ್ಟುವ ಗಿಲಕಿ ಚನ್ನಪಟ್ಟಣದ್ದಾದರೆ ಚೆಂದ. 2021ರಿಂದ ಕಾರ್ಖಾನೆಯ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಅದಿಲ್ಲದ ಬಣ್ಣ ಬಿಡುವ ಪ್ಲಾಸ್ಟಿಕ್ಕನ್ನು ಯಾರೇ ಕೊಟ್ಟರೂ ಅಟ್ಟಕ್ಕೆ ಹಾಕಬೇಕು.

ಇಷ್ಟಾದ ಮೇಲೂ ಸಿದ್ಧತೆಯ ದೊಡ್ಡ ಪಾಲು ಬಾಕಿ ಇರುತ್ತದೆ. ಅದು ಜನರದು. ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕೇಳುತ್ತದೆ. ರಾತ್ರಿ ಎರಡಕ್ಕೆ ಲಂಗೋಟಿ ಬದಲಿಸುವವರು ಯಾರು, ಬಾಣಂತಿಗೆ ಹೊತ್ತಿಗೆ ಸರಿಯಾಗಿ ಅನ್ನ ಬಡಿಸುವವರು ಯಾರು, ಬಟ್ಟೆ ಒಗೆಯುವವರು ಯಾರು ಎಂಬುದು ಎಂಟನೇ ತಿಂಗಳಲ್ಲೇ ಇತ್ಯರ್ಥವಾಗಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯನ್ನು ಆ ಮಾತುಕತೆಯಲ್ಲೇ ಕೈಬಿಡಬಹುದು. ಹೆತ್ತವಳು ಎರಡು ವಾರ ಕಳೆದರೂ ಅಳುತ್ತಲೇ ಇದ್ದರೆ, ಮಗುವನ್ನು ಕಂಡರೆ ಬೇಡವೆನಿಸುತ್ತಿದ್ದರೆ ಅದು ಗಾಳಿಯೂ ಅಲ್ಲ, ದೃಷ್ಟಿಯೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರ್ಪಡಿಸದೆ ಚಿಕಿತ್ಸೆ ಕೊಡುವ ವಿಭಾಗ 2009ರಿಂದ ನಡೆಯುತ್ತಿದೆ.

ಆಸ್ಪತ್ರೆಯಿಂದ ಹೊರಡುವ ಮುನ್ನ ನಾಲ್ಕು ವಿಚಾರ ಕೇಳಿ ತಿಳಿದುಕೊಳ್ಳಿ. ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಲಸಿಕೆಗಳು ತಾಯಿ ಕಾರ್ಡಿನಲ್ಲಿ ದಾಖಲಾಗಿವೆಯೇ, ಕಿವಿ ಕೇಳಿಸುವ ಪರೀಕ್ಷೆ ಮತ್ತು ಥೈರಾಯ್ಡ್ ಪರೀಕ್ಷೆ ಆಗಿವೆಯೇ, ಜನನ ನೋಂದಣಿಗೆ ಅರ್ಜಿ ಹೋಗಿದೆಯೇ, ಮನೆಗೆ ಬಿಡಲು ‘ನಗು-ಮಗು’ ವಾಹನ ಸಿಗುತ್ತದೆಯೇ. ಮನೆ ಸೇರಿದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಬರದಿದ್ದರೆ ನೀವೇ ಕರೆಯಿರಿ. ಮಗು ಹಾಲು ಬಿಟ್ಟರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ಜನನ ನೋಂದಣಿ 21 ದಿನದೊಳಗೆ ಉಚಿತ.