ಸೊನ್ನೆ ಒಂದು ಲಕ್ಷವಾದ ಭಾನುವಾರ

ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಊರು ಹಾವೇರಿ ಕಡೆ. ಎಂ.ಟೆಕ್ ಓದಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಕನ್ನಡ ಸಂಘದಲ್ಲಿ ಕಂಪ್ಯೂಟರಿಗೆ ಸಂಬಂಧಿಸಿದ್ದೆಲ್ಲ ನನ್ನ ಪಾಲಿಗೇ ಬರುತ್ತದೆ. ಪ್ರೊಜೆಕ್ಟರ್ ಹತ್ತದಿದ್ದರೂ ನಾನೇ, ವಾಟ್ಸಾಪ್ ಗುಂಪಿನಲ್ಲಿ ಫೋಟೊ ತೆರೆಯದಿದ್ದರೂ ನಾನೇ. ವಾರ್ಷಿಕ ಸಭೆಗೆ ಖರ್ಚಿನ ಚಾರ್ಟ್ ಮಾಡಿಕೊಡು ಎಂದಾಗ ಅರ್ಧ ಗಂಟೆಯ ಕೆಲಸ ಎಂದು ಒಪ್ಪಿಕೊಂಡೆ.

ಎಕ್ಸೆಲ್‌ನಲ್ಲಿ ಹೋದ ವರ್ಷದ್ದೊಂದು, ಈ ವರ್ಷದ್ದೊಂದು ಕಂಬ. ಹಿರಿಯರಿಗೆ ಓದಲು ಸುಲಭವಾಗಲಿ ಎಂದು ರೂಪಾಯಿಗಳನ್ನೆಲ್ಲ ಲಕ್ಷಕ್ಕೆ ಇಳಿಸಿದೆ. ದಶಮಾಂಶ ಗಿಜಿಗಿಜಿ ಎನಿಸಿತು, ಬಟನ್ ಒತ್ತಿ ತೆಗೆದೆ. ಪ್ರತಿ ಕಂಬದ ತಲೆಯ ಮೇಲೆ ಡೇಟಾ ಲೇಬಲ್, ಅಂದರೆ ಆ ಕಂಬದ ಅಂಕಿ, ಚೊಕ್ಕವಾಗಿ ಕೂತಿತು.

ಭಾನುವಾರ ಸಭೆ. ಚಾರ್ಟ್ ಪರದೆಗೆ ಬಂದ ಎರಡೇ ನಿಮಿಷಕ್ಕೆ ಬ್ಯಾಂಕಿನಿಂದ ನಿವೃತ್ತರಾದ ಧಾರವಾಡದ ಕಾಕಾ ಎದ್ದು ನಿಂತರು. "ಏನ್ ತಮ್ಮಾ, ಮಕ್ಕಳ ಕನ್ನಡ ಕ್ಲಾಸಿಗೆ ಹ್ವಾದ ವರ್ಷ ಸೊನ್ನಿ, ಈ ವರ್ಷ ಒಂದು ಲಕ್ಷ? ಒಮ್ಮೆಲೇ ಹ್ಯಾಂಗ ಏರಿತು?"

ಸಭೆಯಲ್ಲಿ ಗುಸುಗುಸು ಶುರುವಾಯಿತು. ಎರಡನೇ ಸಾಲಿನಲ್ಲಿ ಕೂತಿದ್ದ ಅಕ್ಕೋರ ಮುಖ ಸಣ್ಣದಾಯಿತು. ಆರು ವರ್ಷದಿಂದ ಒಂದು ಪೈಸೆ ತೆಗೆದುಕೊಳ್ಳದೆ ಶನಿವಾರ ಸಂಜೆ ಮಕ್ಕಳಿಗೆ ಕಾಗುಣಿತ ಕಲಿಸುವವರು ಅವರು. ನಾನು ತಡವರಿಸಿದೆ. ಹೊಸ ವರ್ಷದ ಪುಸ್ತಕದ ಹಣದ ವಿಷಯ ಮುಂದಿನ ಸಭೆಗೆ ಹೋಯಿತು. ಆ ಶನಿವಾರ ಅಕ್ಕೋರು ತರಗತಿಗೆ ಬರಲಿಲ್ಲ.

ಮನೆಗೆ ಬಂದು ಫೈಲ್ ತೆರೆದೆ. ತರಗತಿಯ ಖರ್ಚು ಹೋದ ವರ್ಷ 45,000, ಈ ವರ್ಷ 55,000. ಲಕ್ಷದ ಲೆಕ್ಕದಲ್ಲಿ 0.45 ಮತ್ತು 0.55. ದಶಮಾಂಶ ತೆಗೆದಾಗ ಮೊದಲನೆಯದು ಕೆಳಗಿಳಿದು 0 ಆಯಿತು, ಎರಡನೆಯದು ಮೇಲೇರಿ 1 ಆಯಿತು. ಹತ್ತು ಸಾವಿರದ ಏರಿಕೆ ಒಂದು ಲಕ್ಷವಾಗಿ ಕಂಡಿತು. ಇನ್ನೊಂದು ಕಡೆ ರಾಜ್ಯೋತ್ಸವದ ಖರ್ಚು 6,60,000ದಿಂದ 6,85,000ಕ್ಕೆ ಏರಿತ್ತು. ಅಲ್ಲಿ ಎರಡೂ ಕಂಬದ ಮೇಲೆ 7 ಎಂದೇ ಇತ್ತು. ಇಪ್ಪತ್ತೈದು ಸಾವಿರದ ಏರಿಕೆ ಯಾರ ಕಣ್ಣಿಗೂ ಬೀಳಲಿಲ್ಲ, ಹತ್ತು ಸಾವಿರದ್ದಕ್ಕೆ ಲೆಕ್ಕ ಕೇಳಿದರು.

ಕಂಬಗಳು ಸುಳ್ಳು ಹೇಳಿರಲಿಲ್ಲ, ಎತ್ತರ ಸರಿಯಾಗಿಯೇ ಇತ್ತು. ಆದರೆ ರಾಜ್ಯೋತ್ಸವದ ಪಕ್ಕದಲ್ಲಿ ತರಗತಿಯ ಕಂಬಗಳು ಬೆರಳಿನಷ್ಟು ಸಣ್ಣವು. ಅಷ್ಟು ಸಣ್ಣ ಕಂಬದ ಎತ್ತರವನ್ನು ಯಾರೂ ಅಳೆಯುವುದಿಲ್ಲ, ಅದರ ಮೇಲಿನ ಅಂಕಿ ಓದುತ್ತಾರೆ. ಸಭೆ ನಂಬಿದ್ದು ಲೇಬಲನ್ನು.

ಆಫೀಸಿನಲ್ಲೋ ಸಂಘದಲ್ಲೋ ನಿಮಗೂ ಈ ಕೆಲಸ ಬರಬಹುದು. ನಾನು ಸರಿಪಡಿಸಿದ ರೀತಿ ಹೇಳುತ್ತೇನೆ.

ಯಾವುದಾದರೂ ಲೇಬಲ್ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಆ ಸಾಲಿನ ಲೇಬಲ್‌ಗಳೆಲ್ಲ ಆಯ್ಕೆಯಾಗುತ್ತವೆ. ಕಂಟ್ರೋಲ್ ಹಿಡಿದು 1 ಒತ್ತಿದರೆ ಪಕ್ಕದಲ್ಲಿ ಫಾರ್ಮ್ಯಾಟ್ ಫಲಕ ತೆರೆಯುತ್ತದೆ. ಅದರ ಕೆಳಭಾಗದ 'ನಂಬರ್' ವಿಭಾಗದಲ್ಲಿ 'ಲಿಂಕ್ಡ್ ಟು ಸೋರ್ಸ್' ಎಂಬ ಗುರುತಿದೆ. ಅದು ಇದ್ದರೆ ಸೆಲ್‌ನ ರೂಪವೇ ಲೇಬಲ್‌ಗೂ ಬರುತ್ತದೆ. ನಾನು ಹಾಳೆಯಲ್ಲಿ ದಶಮಾಂಶ ತೆಗೆದದ್ದು ಚಾರ್ಟಿಗೆ ತಲುಪಿದ್ದು ಹೀಗೆ. ಆ ಗುರುತು ತೆಗೆದರೆ ಲೇಬಲ್‌ಗೆ ಬೇಕಾದ ರೂಪ ಬೇರೆಯಾಗಿ ಕೊಡಬಹುದು.

ಲಕ್ಷಕ್ಕೆ ಇಳಿಸುವುದನ್ನೇ ಬಿಟ್ಟು ಪೂರ್ತಿ ರೂಪಾಯಿ ಇಟ್ಟೆ. ಆಗ ಇನ್ನೊಂದು ತೊಡಕು: 685,000 ಎಂದು ಅಲ್ಪವಿರಾಮ ಬಂತು. ನಮ್ಮ ಕಾಕಾನಂಥವರು ಇದನ್ನು ಓದಲು ಒಂದು ಕ್ಷಣ ನಿಲ್ಲಬೇಕು. ವಿಂಡೋಸ್‌ನ ಪ್ರದೇಶವನ್ನು ಭಾರತ ಎಂದು ಬದಲಿಸಿದರೆ ಲಕ್ಷದ ಅಲ್ಪವಿರಾಮ ಬರುತ್ತದೆ, ಆದರೆ ಅದೇ ಫೈಲನ್ನು ಬೇರೆ ಸೆಟ್ಟಿಂಗ್ ಇರುವ ಲ್ಯಾಪ್‌ಟಾಪಿನಲ್ಲಿ ತೆರೆದರೆ ಮತ್ತೆ ಹಳೇ ಕತೆ. ಅದಕ್ಕೆ 'ಫಾರ್ಮ್ಯಾಟ್ ಕೋಡ್' ಜಾಗದಲ್ಲಿ ಇದನ್ನು ಬರೆದು 'ಆಡ್' ಒತ್ತಿದೆ:

[>=10000000]##\,##\,##\,##0;[>=100000]##\,##\,##0;##,##0

ಮೊದಲ ತುಂಡು ಕೋಟಿಗೆ, ಎರಡನೆಯದು ಲಕ್ಷಕ್ಕೆ, ಮೂರನೆಯದು ಅದಕ್ಕಿಂತ ಕಡಿಮೆಯದಕ್ಕೆ. ಒಂದು ಎಚ್ಚರಿಕೆ: ಋಣ ಸಂಖ್ಯೆಗಳು ಮೂರನೇ ತುಂಡಿಗೇ ಬೀಳುವುದರಿಂದ ಲಕ್ಷ ದಾಟಿದ ನಷ್ಟಕ್ಕೆ ಈ ಕೋಡ್ ಸರಿಹೋಗದು.

ಲೇಬಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕೈಯಿಂದಲೇ 55,000 ಎಂದು ಟೈಪ್ ಮಾಡುವ ಆಸೆಯೂ ಆಗಿತ್ತು. ಅದನ್ನು ಮಾಡಬೇಡಿ. ಹಾಗೆ ಬರೆದದ್ದು ಹಾಳೆಯ ಅಂಕಿ ಬದಲಾದರೂ ಬದಲಾಗುವುದಿಲ್ಲ. ಕಂಬ ಬೆಳೆಯುತ್ತದೆ, ಲೇಬಲ್ ಹೋದ ವರ್ಷದಲ್ಲೇ ಉಳಿಯುತ್ತದೆ. ಅಂಕಿಯ ಜೊತೆ ಮಾತೂ ಬೇಕಿದ್ದರೆ ಎಕ್ಸೆಲ್ 2013ರಿಂದ 'ವ್ಯಾಲ್ಯೂ ಫ್ರಮ್ ಸೆಲ್ಸ್' ಎಂಬ ಆಯ್ಕೆಯಿದೆ. ಪಕ್ಕದ ಕಾಲಮ್ಮಿನಲ್ಲಿ ಬೇಕಾದ್ದನ್ನು ಬರೆದು ಅದನ್ನು ತೋರಿಸಿದರೆ ಲೇಬಲ್ ಅಲ್ಲಿಂದ ಓದಿಕೊಳ್ಳುತ್ತದೆ. ನಾನು ತರಗತಿಯ ಕಂಬಕ್ಕೆ ಮಾತ್ರ 'ಹೊಸ ಪಠ್ಯಪುಸ್ತಕ: 10,000 ಹೆಚ್ಚು' ಎಂದು ಕನ್ನಡದಲ್ಲೇ ಹಾಕಿದೆ. ಹಳೆಯ ಎಕ್ಸೆಲ್‌ನಲ್ಲಿ ಇದು ಕಾಣುವುದಿಲ್ಲವಾದ್ದರಿಂದ ಸಭೆಗೆ ಪಿಡಿಎಫ್ ಒಯ್ದೆ.

ಅದಕ್ಕೂ ಮೊದಲು ಅಕ್ಕೋರ ಮನೆಗೆ ಹೋಗಿ ಎರಡೂ ಚಾರ್ಟ್ ತೋರಿಸಿ ತಪ್ಪಾಯಿತೆಂದು ಹೇಳಿದೆ. "ನೀವು ತಪ್ಪು ಮಾಡಿದ್ದಕ್ಕ ಬ್ಯಾಸರಿಲ್ಲಪಾ, ಅಲ್ಲೇ ಎದ್ದು ಹೇಳಲಿಲ್ಲಲ್ಲ ಅದಕ್ಕ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಚಹಾ ಕೊಟ್ಟರು, ಕುಡಿದು ಬಂದೆ.

ಮುಂದಿನ ಸಭೆಯಲ್ಲಿ ಕಾಕಾ ಹೊಸ ಚಾರ್ಟನ್ನು ಕನ್ನಡಕ ಏರಿಸಿ ಓದಿದರು. ಪುಸ್ತಕದ ಹಣಕ್ಕೆ ಯಾರೂ ಅಡ್ಡ ಮಾತಾಡಲಿಲ್ಲ. ಪ್ರಶ್ನೆ ಬಂದದ್ದು ರಾಜ್ಯೋತ್ಸವದ ಇಪ್ಪತ್ತೈದು ಸಾವಿರದ ಬಗ್ಗೆ. ಆ ಲೆಕ್ಕ ಕೊಡಬೇಕಾದವರಲ್ಲಿ ನಾನೂ ಒಬ್ಬ.

ಅಂದಿನಿಂದ ಆಫೀಸಿನ ಚಾರ್ಟನ್ನೂ ಕಳಿಸುವ ಮೊದಲು ಲೇಬಲ್‌ಗಳನ್ನಷ್ಟೇ ಜೋರಾಗಿ ಓದುತ್ತೇನೆ, ಪ್ರತಿಯೊಂದನ್ನೂ ಹಾಳೆಯ ಅಂಕಿಯೊಂದಿಗೆ ತಾಳೆ ನೋಡುತ್ತೇನೆ. ಐದು ನಿಮಿಷ ಹಿಡಿಯುತ್ತದೆ. ಅಕ್ಕೋರು ಈಗ ಮತ್ತೆ ಪ್ರತಿ ಶನಿವಾರ ಬರುತ್ತಿದ್ದಾರೆ.